ಜರ್ಮನಿಯ ಗ್ಲೈಡರ್ ಟ್ರೇಲರ್, ಅಮೆರಿಕದ ಕಾರು: ಬ್ರೇಕ್ ಒತ್ತಿದರೆ ಇಂಡಿಕೇಟರ್ ಉರಿಯುತ್ತಿದೆ!

ಬೆಟ್ಟಗಾಳಿ:

ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ನಾನು ಸಾಗರದವಳು. ಹನ್ನೊಂದು ವರ್ಷದಿಂದ ನೆವಾಡದ ರೀನೋದಲ್ಲಿದ್ದೇನೆ. ಶನಿವಾರ, ಭಾನುವಾರ ಒಂದು ಗಂಟೆ ದಾರಿ ಓಡಿಸಿಕೊಂಡು ಮಿಂಡೆನ್‌ಗೆ ಹೋಗಿ ಗ್ಲೈಡರ್ ಹಾರಿಸುತ್ತೇನೆ. ಎಂಜಿನ್ ಇಲ್ಲದ ವಿಮಾನ. ಸಿಯೆರಾ ನೆವಾಡ ಬೆಟ್ಟಸಾಲಿನ ಗಾಳಿ ಎತ್ತಿದಷ್ಟು ಹೊತ್ತು ಮೇಲೆ, ಕೈ ಕೊಟ್ಟರೆ ಎಲ್ಲಿ ಜಾಗ ಕಂಡಿತೋ ಅಲ್ಲಿ ಕೆಳಗೆ. ಆಮೇಲೆ ಯಾರಾದರೂ ಟ್ರೇಲರ್ ಎಳೆದುಕೊಂಡು ಬಂದು, ರೆಕ್ಕೆ ಬಿಚ್ಚಿ, ಒಳಗೆ ತುಂಬಿ ಮನೆಗೆ ತರಬೇಕು. ಹಾಗಾಗಿ ಟ್ರೇಲರ್ ಕೆಟ್ಟರೆ ಅರ್ಧ ವಿಮಾನವೇ ಕೆಟ್ಟ ಹಾಗೆ.

ಕಳೆದ ವರ್ಷ ಗೆಳೆಯರೊಬ್ಬರ ಜೊತೆ ಪಾಲಿನಲ್ಲಿ ಜರ್ಮನಿಯಿಂದ ಹಳೆಯ ಎಲ್‌ಎಸ್4 ಗ್ಲೈಡರ್ ತರಿಸಿದೆ. ಮುಚ್ಚಿದ ಟ್ರೇಲರ್ ಒಳಗೇ ಕೂತು 40 ಅಡಿ ಕಂಟೇನರಿನಲ್ಲಿ ಬಂತು. ಗ್ಲೈಡರಿನಲ್ಲಿ ಒಂದು ಗೀರೂ ಇಲ್ಲ. ತೊಂದರೆ ಇರುವುದು ಟ್ರೇಲರಿನ ದೀಪದಲ್ಲಿ. ಬಂದರಿನಿಂದ ತರುವಾಗ ಮ್ಯಾಗ್ನೆಟ್ ಇರುವ ಬಾಡಿಗೆ ದೀಪ ಅಂಟಿಸೋಣ ಎಂದುಕೊಂಡು ಹೋದೆ. ಮೇಲೆ ಫೈಬರ್‌ಗ್ಲಾಸ್, ಪಕ್ಕದಲ್ಲಿ ಅಲ್ಯೂಮಿನಿಯಂ. ಮ್ಯಾಗ್ನೆಟ್ ಎಲ್ಲಿ ಅಂಟಬೇಕು ಹೇಳಿ! ಟೇಪ್ ಸುತ್ತಿ ತಂದದ್ದಾಯಿತು.

ಆಮೇಲೆ ಹತ್ತಿರದ ಒಂದು ಅಂಗಡಿಗೆ ಕೊಟ್ಟೆ. ಅವನು ಜರ್ಮನಿಯ ಪ್ಲಗ್ ಕತ್ತರಿಸಿ, ಇಲ್ಲಿನ ಏಳು ಕಾಲಿನ ದುಂಡು ಪ್ಲಗ್ ಹಾಕಿ ಕೊಟ್ಟ. "ಬಣ್ಣಕ್ಕೆ ಬಣ್ಣ ಸೇರಿಸಿದ್ದೇನೆ. ಕೆಂಪು ವೈರಿಗೆ ಮಾತ್ರ ಜೋಡಿ ಸಿಗಲಿಲ್ಲ, ಟೇಪ್ ಸುತ್ತಿ ಬಿಟ್ಟಿದ್ದೇನೆ" ಎಂದ. ಈಗ ಆಗುತ್ತಿರುವುದು ಇದು:

ಎಡ, ಬಲ ಇಂಡಿಕೇಟರ್ ಸರಿಯಾಗಿ ಮಿನುಗುತ್ತವೆ. ಆದರೆ ಬ್ರೇಕ್ ಒತ್ತಿದರೆ ಕೆಂಪು ದೀಪ ಬರುವುದಿಲ್ಲ, ಎರಡೂ ಕಿತ್ತಳೆ ಇಂಡಿಕೇಟರ್ ಒಟ್ಟಿಗೆ ಉರಿಯುತ್ತವೆ. ಹೆಡ್‌ಲೈಟ್ ಹಾಕಿದರೆ ಬಲಗಡೆ ಟೇಲ್ ಲೈಟ್ ಬರುತ್ತದೆ, ಎಡಗಡೆಯದು ಮಾತ್ರ ಕಾರು ಆಫ್ ಮಾಡಿದರೂ ಉರಿಯುತ್ತಲೇ ಇರುತ್ತದೆ. ಇದು ಗೊತ್ತಾಗದೆ ಎರಡು ರಾತ್ರಿ ಪ್ಲಗ್ ಹಾಗೇ ಬಿಟ್ಟು, ಮೊದಲೇ ಮುದಿಯಾಗಿದ್ದ ಕಾರಿನ ಬ್ಯಾಟರಿ ಮಲಗಿಬಿಟ್ಟಿತು.

ಇನ್ನೊಂದು ವಿಚಿತ್ರ. ಪಾಲುದಾರರ ಪಿಕಪ್ ಟ್ರಕ್ಕಿಗೆ ಸಿಕ್ಕಿಸಿದರೆ ಬ್ರೇಕ್ ಒತ್ತಿದಾಗ ಎಡ ಮೂಲೆಯಲ್ಲಿ ಒಂದೇ ಒಂದು ಕೆಂಪು ದೀಪ ಬರುತ್ತದೆ. ಮೆಲ್ಲಗೆ ಒತ್ತಿದರೆ ಮಂಕು, ಜೋರಾಗಿ ಒತ್ತಿದರೆ ಜೋರು! ನನ್ನ ಕಾರಿಗೆ ಸಿಕ್ಕಿಸಿದರೆ ಅದೂ ಇಲ್ಲ.

ಅಪ್ಪ ಸಾಗರದಲ್ಲಿ ರೇಡಿಯೊ ರಿಪೇರಿ ಮಾಡುತ್ತಿದ್ದರು. ಬಲ್ಬ್ ಹೋಲ್ಡರಿಗೆ ಎರಡು ವೈರ್ ಕಟ್ಟಿ ಟೆಸ್ಟ್ ಲ್ಯಾಂಪ್ ಮಾಡುವಷ್ಟು ನನಗೂ ಗೊತ್ತು. ಆದರೆ ಎಲ್ಲಿಂದ ಶುರು ಮಾಡಬೇಕು ಎಂದು ತೋಚುತ್ತಿಲ್ಲ. ಟ್ರೇಲರ್ ವೈರಿಂಗೇ ಹಾಳಾಗಿದೆಯಾ?

ಶಾರ್ಟ್‌ಕಟ್ ಶಿವು:

ಮೇಡಂ, ಇಷ್ಟೆಲ್ಲ ಯಾಕೆ? ನಮ್ಮ ಮಂಡ್ಯ ಕಡೆ ಕಬ್ಬಿನ ಗಾಡಿಗೆ ಹಿಂದೆ ದೀಪವೇ ಇರುವುದಿಲ್ಲ, ಆರಾಮಾಗಿ ಫ್ಯಾಕ್ಟರಿ ಸೇರುತ್ತದೆ. 😀 ತಮಾಷೆಗೆ ಹೇಳಿದೆ. ಆ ಕೆಂಪು ವೈರನ್ನೂ ಹಳದಿ ವೈರಿಗೆ ಸೇರಿಸಿಬಿಡಿ, ಬ್ರೇಕ್ ಒತ್ತಿದಾಗ ಕೆಂಪೂ ಬರುತ್ತದೆ.

ನೆಕ್ಕರ್ ದಂಡೆ:

ಶಿವು, ದಯವಿಟ್ಟು ಬೇಡ. ಹಾಗೆ ಮಾಡಿದರೆ ಎಡಕ್ಕೆ ಇಂಡಿಕೇಟರ್ ಹಾಕಿದಾಗ ಎರಡೂ ಬ್ರೇಕ್ ಲೈಟ್ ಅದರ ಜೊತೆ ಮಿನುಗುತ್ತವೆ. ಹಿಂದೆ ಬರುವವನು ಏನು ಅರ್ಥ ಮಾಡಿಕೊಳ್ಳಬೇಕು?

ಅಕ್ಕ, ನಿಮ್ಮ ಟ್ರೇಲರ್ ಕೆಟ್ಟಿಲ್ಲ. ಅದು ಜರ್ಮನ್ ಮಾತಾಡುತ್ತಿದೆ, ಕಾರು ಇಂಗ್ಲಿಷ್ ಮಾತಾಡುತ್ತಿದೆ. ಅಂಗಡಿಯವನು ಎರಡಕ್ಕೂ ಲಿಪಿ ಒಂದೇ ಎಂದು ನೋಡಿ ಭಾಷೆಯೂ ಒಂದೇ ಅಂದುಕೊಂಡ. ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಇಲ್ಲಿನ ಕ್ಲಬ್ಬಿನ ಟ್ರೇಲರುಗಳ ದೀಪ ಸರಿ ಮಾಡುವ ಕೆಲಸ ಯಾಕೋ ಯಾವಾಗಲೂ ನನ್ನ ತಲೆಗೇ ಬರುತ್ತದೆ.

ಯುರೋಪಿನ ಏಳು ಪಿನ್ ಪ್ಲಗ್ಗಿನಲ್ಲಿ 1ನೇ ಪಿನ್ ಹಳದಿ, ಅದು ಎಡ ಇಂಡಿಕೇಟರ್. 4ನೆಯದು ಹಸಿರು, ಬಲ ಇಂಡಿಕೇಟರ್. 3 ಬಿಳಿ, ಅರ್ತ್. ಇಲ್ಲಿಯವರೆಗೆ ಅಮೆರಿಕಕ್ಕೂ ನಮಗೂ ಬಣ್ಣ ಒಂದೇ. ಮೋಸ ಹೋಗುವುದು ಅದಕ್ಕೇ! ಮುಂದೆ ದಾರಿ ಬೇರೆ. 6 ಕೆಂಪು, ಎರಡೂ ಬ್ರೇಕ್ ಲೈಟ್. ಅದಕ್ಕೆ ಟೇಪ್ ಸುತ್ತಿದ್ದಾರೆ, ಹಾಗಾಗಿ ನಿಮಗೆ ಬ್ರೇಕ್ ಲೈಟೇ ಇಲ್ಲ. 5 ಕಂದು, ಬಲಗಡೆ ಟೇಲ್ ಲೈಟ್ ಮಾತ್ರ. 7 ಕಪ್ಪು, ಎಡಗಡೆ ಟೇಲ್ ಲೈಟ್. ಅಮೆರಿಕದ ದುಂಡು ಪ್ಲಗ್ಗಿನಲ್ಲಿ ಕಪ್ಪು ಅಂದರೆ ಬ್ಯಾಟರಿಯಿಂದ ನೇರ ಬರುವ 12 ವೋಲ್ಟ್. ನಿಮ್ಮ ಎಡ ದೀಪ ರಾತ್ರಿಯೆಲ್ಲ ಎಚ್ಚರ ಇದ್ದದ್ದು ಅದಕ್ಕೆ.

ಟೇಲ್ ಲೈಟಿಗೆ ಎರಡು ವೈರ್ ಯಾಕೆ ಎಂದು ಕೇಳಬಹುದು. ಇಲ್ಲಿನ ಬಹಳ ಕಾರುಗಳಲ್ಲಿ ಕಾರು ಆಫ್ ಮಾಡಿ ಇಂಡಿಕೇಟರ್ ಕಡ್ಡಿಯನ್ನು ಒಂದು ಕಡೆಗೆ ತಳ್ಳಿಟ್ಟರೆ ಆ ಪಕ್ಕದ ಪಾರ್ಕಿಂಗ್ ದೀಪ ಮಾತ್ರ ಉರಿಯುತ್ತದೆ. ಕತ್ತಲೆ ಗಲ್ಲಿಯಲ್ಲಿ ರಸ್ತೆ ಕಡೆಯ ಮೈ ಕಂಡರೆ ಸಾಕು ಎನ್ನುವ ಲೆಕ್ಕ. ಅದಕ್ಕಾಗಿ ಎಡ, ಬಲ ಬೇರೆ ಬೇರೆ.

ಇನ್ನು ಆ ವಿಚಿತ್ರ ದೀಪ. 2ನೇ ಪಿನ್ ನೀಲಿ. ಯುರೋಪಿನಲ್ಲಿ ಅದು ಹಿಂದಿನ ಫಾಗ್ ಲೈಟ್. ಅಮೆರಿಕದಲ್ಲಿ ನೀಲಿ ಅಂದರೆ ಟ್ರೇಲರಿನ ಎಲೆಕ್ಟ್ರಿಕ್ ಬ್ರೇಕಿಗೆ ಹೋಗುವ ಕರೆಂಟ್. ಪಿಕಪ್ಪಿನಲ್ಲಿ ಬ್ರೇಕ್ ಕಂಟ್ರೋಲರ್ ಇದೆ, ನಿಮ್ಮ ಕಾರಿನಲ್ಲಿ ಇಲ್ಲ. ಕಂಟ್ರೋಲರ್ ಒತ್ತಿದಷ್ಟೇ ಕರೆಂಟ್ ಕೊಡುತ್ತದೆ, ನಿಮ್ಮ ಫಾಗ್ ಲೈಟ್ ಅದನ್ನು ತಾಳ ಹಾಕಿ ತೋರಿಸುತ್ತಿದೆ ಅಷ್ಟೇ.

ನಿಮ್ಮ ಟ್ರೇಲರ್ ಬ್ರೇಕಿಗೆ ಕರೆಂಟೇ ಬೇಡ. ಕಾರು ನಿಧಾನವಾದಾಗ ಟ್ರೇಲರ್ ಮುಂದಕ್ಕೆ ನೂಕುತ್ತದಲ್ಲ, ಆ ನೂಕೇ ಮೂತಿಯ ಸರಳನ್ನು ಒಳಗೆ ತಳ್ಳಿ, ಕೇಬಲ್ ಎಳೆದು ಬ್ರೇಕ್ ಹಾಕುತ್ತದೆ. ನೀಲಿ ವೈರನ್ನು ಯಾವುದಕ್ಕೂ ಸೇರಿಸದೆ ತುದಿ ಮುಚ್ಚಿ ಬಿಡಿ.

ಮಿಶಿಗನ್ ಮಾಮ:

ನೆಕ್ಕರ್ ಅವರು ಆ ದಡದ ಕತೆ ಹೇಳಿದ್ದಾರೆ, ಈ ದಡದ್ದು ನಾನು ಹೇಳುತ್ತೇನೆ. ಇಪ್ಪತ್ತು ವರ್ಷದಿಂದ ಕಾರಿನ ವೈರಿಂಗೇ ನನ್ನ ಅನ್ನ.

ಅಮೆರಿಕದ ಚಿಕ್ಕ ಟ್ರೇಲರುಗಳಿಗೆ ನಾಲ್ಕು ವೈರಿನ ಚಪ್ಪಟೆ ಪ್ಲಗ್ ಸಾಕು. ಬಿಳಿ ಅರ್ತ್, ಕಂದು ಟೇಲ್ ಲೈಟ್, ಹಳದಿ ಎಡ, ಹಸಿರು ಬಲ. ಬ್ರೇಕಿಗೆ ಬೇರೆ ವೈರೇ ಇಲ್ಲ! ಬ್ರೇಕ್ ಒತ್ತಿದರೆ ಹಳದಿ, ಹಸಿರು ಎರಡರಲ್ಲೂ ಕರೆಂಟ್ ಬರುತ್ತದೆ. ಇಂಡಿಕೇಟರ್ ಹಾಕಿದರೆ ಆ ಕಡೆಯದು ಮಿನುಗುತ್ತದೆ. ಹಿಂದೆ ಒಂದೇ ಕೆಂಪು ಬಲ್ಬ್ ಎರಡೂ ಕೆಲಸ ಮಾಡುತ್ತದೆ. ನಿಮ್ಮ ದುಂಡು ಪ್ಲಗ್ಗಿನಲ್ಲೂ ಈ ಲೆಕ್ಕ ಬದಲಾಗುವುದಿಲ್ಲ. ನಿಮ್ಮ ಹಳದಿ, ಹಸಿರು ವೈರುಗಳು ಹೋಗುವುದು ಕಿತ್ತಳೆ ದೀಪಕ್ಕೆ. ಬ್ರೇಕ್ ಒತ್ತಿದರೆ ಕಿತ್ತಳೆ ಉರಿಯದೆ ಇನ್ನೇನು ಮಾಡುತ್ತದೆ?

ದಾರಿ ಎರಡು. ಒಂದು, ಟ್ರೇಲರಿನ ಹಿಂದೆ ಹೋಗಿ ಬ್ರೇಕ್ ಲೈಟಿನ ಕೆಂಪು ವೈರ್ ಎಡಕ್ಕೂ ಬಲಕ್ಕೂ ಕವಲೊಡೆಯುವ ಜಾಗದಲ್ಲಿ ಕತ್ತರಿಸುವುದು. ಎಡ ಬ್ರೇಕ್ ಬಲ್ಬಿಗೆ ಹಳದಿ, ಬಲಕ್ಕೆ ಹಸಿರು. ಕಿತ್ತಳೆ ದೀಪಗಳಿಗೆ ಪಿಂಚಣಿ. ಖರ್ಚು ಸೊನ್ನೆ, ಆದರೆ ಚೆನ್ನಾಗಿರುವ ದೀಪ ಸುಮ್ನೆ ದಂಡ.

ಎರಡು, ಕನ್ವರ್ಟರ್ ಪೆಟ್ಟಿಗೆ. ಇಲ್ಲಿ ಜೋಪಾನ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಉಲ್ಟಾ ಕೆಲಸದ್ದು. ಕಾರಿನಲ್ಲಿ ಬೇರೆ ಬೇರೆ ಇರುವ ಬ್ರೇಕ್, ಎಡ, ಬಲ ಮೂರನ್ನೂ ಕಲಸಿ ಎರಡು ಮಾಡುತ್ತದೆ. ನಿಮಗೆ ಬೇಕಿರುವುದು ಎರಡನ್ನು ಬಿಡಿಸಿ ಮೂರು ಮಾಡುವುದು. ನಾಲ್ಕು ವೈರ್ ಒಳಗೆ, ಐದು ವೈರ್ ಹೊರಗೆ ಎಂದು ಕೇಳಿ. ಎರಡೂ ಕಡೆ ಒಟ್ಟಿಗೆ ಕರೆಂಟ್ ಬಂದರೆ ಬ್ರೇಕ್, ಒಂದೇ ಕಡೆ ಬಂದು ಹೋಗುತ್ತಿದ್ದರೆ ಇಂಡಿಕೇಟರ್, ಇಷ್ಟೇ ಅದರ ಬುದ್ಧಿ. ಹಾಗಾಗಿ ಸಾದಾ ಪೆಟ್ಟಿಗೆಯಲ್ಲಿ ಹಜಾರ್ಡ್ ಹಾಕಿದರೆ ಎರಡೂ ಒಟ್ಟಿಗೆ ಮಿನುಗುವುದರಿಂದ ಅದು ಬ್ರೇಕ್ ಅಂದುಕೊಂಡು ಕೆಂಪನ್ನು ಮಿನುಗಿಸುತ್ತದೆ. ಗಾಬರಿಯಾಗಬೇಡಿ.

ನಗು ಬರುವ ವಿಷಯ ಏನೆಂದರೆ, ನಿಮ್ಮ ಕಾರಿನ ಹಿಂದಿನ ಇಂಡಿಕೇಟರ್ ಕಿತ್ತಳೆಯಾಗಿದ್ದರೆ ಕಾರಿನಲ್ಲೂ ಮೂರು ಬೇರೆ ಬೇರೆ ಇವೆ ಎಂದರ್ಥ. ಕಾರಿನ ಪೆಟ್ಟಿಗೆ ಅದನ್ನು ಕಲಸುತ್ತದೆ, ಟ್ರೇಲರ್ ಪೆಟ್ಟಿಗೆ ಬಿಡಿಸುತ್ತದೆ. ಅಕ್ಕಿ ಬೇಳೆ ಬೆರೆಸಿ ಮತ್ತೆ ಆರಿಸುತ್ತಾ ಕೂತ ಹಾಗೆ. ಕಾರಿನಿಂದಲೇ ಮೂರನ್ನೂ ಬೇರೆಯಾಗಿ ಎಳೆಯಬಹುದು. ಆದರೆ ಆಗ ಆ ಟ್ರೇಲರ್ ನಿಮ್ಮ ಕಾರಿಗೆ ಮಾತ್ರ ಆಗುತ್ತದೆ.

ಆಂಪ್ ಲೆಕ್ಕವನ್ನೂ ನೋಡಿ. ಹಳೆಯ ಬಲ್ಬ್ ಆದರೆ ಬ್ರೇಕ್, ಇಂಡಿಕೇಟರ್ ಒಂದೊಂದೂ 21 ವ್ಯಾಟ್. 12 ವೋಲ್ಟಿಗೆ 1.75 ಆಂಪ್. ಎರಡು ಬ್ರೇಕ್ ಬಲ್ಬ್ ಸೇರಿ ಮೂರೂವರೆ. ಪೆಟ್ಟಿಗೆಯ ಮೇಲೆ ಎಷ್ಟು ತಾಳುತ್ತದೆ ಎಂದು ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. ಪಕ್ಕದ ದೀಪಗಳನ್ನೂ ಮರೆಯಬೇಡಿ. ಇಲ್ಲಿ ಟ್ರೇಲರಿನ ಪಕ್ಕದಲ್ಲಿ ಮುಂದಿನದು ಕಿತ್ತಳೆ, ಕೊನೆಯದು ಕೆಂಪು ಇರಬೇಕು. ಯುರೋಪಿನಿಂದ ಬಂದದ್ದರಲ್ಲಿ ಪಕ್ಕದ್ದೆಲ್ಲ ಕಿತ್ತಳೆಯೇ ಇರುವುದು ಜಾಸ್ತಿ.

ಬೆನಾಲ್ಲಾ ವಾಸಿ:

ಆಸ್ಟ್ರೇಲಿಯಾಕ್ಕೆ ತರುವವರಿಗೆ ಒಂದು ಮಾತು, ನಮಗೆ ಇದರಲ್ಲಿ ಅರ್ಧ ತೊಂದರೆ ಇಲ್ಲ. ಇಲ್ಲಿ ಬ್ರೇಕಿಗೆ ಬೇರೆಯೇ ಕೆಂಪು ವೈರ್ ಇದೆ, ಪೆಟ್ಟಿಗೆ ಬೇಡ. ಆದರೆ ಕಪ್ಪು ವೈರ್ ರಿವರ್ಸ್ ಲೈಟಿನದು, ನೀಲಿ ಬ್ರೇಕಿನದು. ಬಣ್ಣ ನಂಬಿ ಸೇರಿಸಿದರೆ ರಿವರ್ಸ್ ಹಾಕಿದಾಗ ಎಡ ಟೇಲ್ ಲೈಟ್ ಕಣ್ಣು ಬಿಡುತ್ತದೆ. ನಾನು ಸ್ವತಃ ಅನುಭವಿಸಿದ್ದೇನೆ. ಗ್ಯಾರೇಜಿನಲ್ಲಿ ಮಗಳು "ಅಪ್ಪಾ, ಟ್ರೇಲರ್ ಕಣ್ಣು ಹೊಡೀತಿದೆ" ಎಂದು ಹೇಳಿದ ಮೇಲೆ ಗೊತ್ತಾಯಿತು.

ನೆಕ್ಕರ್ ದಂಡೆ:

ಅಕ್ಕ, ನನ್ನ ಅಭಿಪ್ರಾಯ ಕೇಳಿದರೆ ಟ್ರೇಲರ್ ಒಳಗಿನ ವೈರಿಂಗ್ ಮುಟ್ಟಬೇಡಿ. ಯುರೋಪಿನ ಪ್ಲಗ್ಗನ್ನೇ ಮತ್ತೆ ಹಾಕಿ, ಮಧ್ಯೆ ಒಂದು ಅಡಾಪ್ಟರ್ ಇಡಿ. ಮುಂದೆ ಮಾರಬೇಕಾದರೆ, ಯಾರಾದರೂ ರಿಪೇರಿ ಮಾಡಬೇಕಾದರೆ, ಪುಸ್ತಕದಲ್ಲಿ ಇರುವ ಹಾಗೇ ಇರುತ್ತದೆ.

ಮಿಶಿಗನ್ ಮಾಮ:

ಅಡಾಪ್ಟರ್ ಅಂದರೆ ಕಳೆದುಹೋಗುವ ವಸ್ತು. ಸಂಜೆ ಏಳು ಗಂಟೆಗೆ ಯಾವುದೋ ಹುಲ್ಲುಗಾವಲಿನಲ್ಲಿ ಗ್ಲೈಡರ್ ಇಳಿದಿರುತ್ತದೆ, ಅಡಾಪ್ಟರ್ ಇನ್ನೊಬ್ಬರ ಕಾರಿನ ಡಿಕ್ಕಿಯಲ್ಲಿ ಇರುತ್ತದೆ. ನಾನಾಗಿದ್ದರೆ ಕತ್ತರಿಸಿ ಒಂದೇ ಸಲ ಮುಗಿಸುತ್ತಿದ್ದೆ.

ಬೆಟ್ಟಗಾಳಿ:

ಮೂರು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಮೊದಲು ಆ ದುಂಡು ಪ್ಲಗ್ ಕಿತ್ತೆ. ಕಾರನ್ನು ಹತ್ತಿರಕ್ಕೇ ಬಿಟ್ಟುಕೊಳ್ಳಲಿಲ್ಲ. ಗ್ಲೈಡರಿನ ರೇಡಿಯೊಗೆ ಇಡುವ 12 ವೋಲ್ಟ್, 7 ಆಂಪ್ ಅವರ್ ಬ್ಯಾಟರಿ ತೆಗೆದುಕೊಂಡು, ಮಧ್ಯೆ 5 ಆಂಪ್ ಫ್ಯೂಸ್ ಹಾಕಿದೆ. ಬಿಳಿ ವೈರನ್ನು ಮೈನಸ್ಸಿಗೆ ಕಟ್ಟಿ, ಪ್ಲಸ್ಸನ್ನು ಒಂದೊಂದೇ ವೈರಿಗೆ ಮುಟ್ಟಿಸುತ್ತಾ ಹೋದೆ. ಪಕ್ಕದ ಮನೆ ಅಜ್ಜ ಹಿಂದೆ ಕುರ್ಚಿ ಹಾಕಿ ಕೂತು ಕೂಗುತ್ತಿದ್ದರು. ನೆಕ್ಕರ್ ಅವರು ಹೇಳಿದ ಏಳಕ್ಕೆ ಏಳೂ ತಾಳೆಯಾಯಿತು. ಕೆಂಪು ವೈರಿನ ಟೇಪ್ ಬಿಚ್ಚಿ ಮುಟ್ಟಿಸಿದಾಗ ಎರಡೂ ಬ್ರೇಕ್ ಲೈಟ್ ಝಗ್ ಎಂದು ಬಂದವು ನೋಡಿ, ಅಷ್ಟು ದಿನ ಇಲ್ಲೇ ಇದ್ದೆಯಾ ಮಾರಾಯ ಅನ್ನಿಸಿತು.

ಒಂದೇ ಒಂದು ಕಡೆ ಎಡವಿದೆ. ಬಲ ಇಂಡಿಕೇಟರಿಗೆ ಕರೆಂಟ್ ಕೊಟ್ಟರೆ ಬಲಗಡೆ ಟೇಲ್ ಲೈಟೂ ಮಂಕಾಗಿ ಉರಿಯುತ್ತಿತ್ತು. ವೈರ್ ಎಲ್ಲೋ ಒಂದಕ್ಕೊಂದು ತಾಗಿದೆ ಎಂದು ಅರ್ಧ ದಿನ ಹುಡುಕಿದೆ. ಆಮೇಲೆ ಅಪ್ಪನ ಮಾತು ನೆನಪಾಯಿತು, "ದೆವ್ವ ಹಿಡಿದ ಹಾಗೆ ಆಡಿದರೆ ಮೊದಲು ಅರ್ತ್ ನೋಡು". ಬಲ ದೀಪದ ಡಬ್ಬಿಯೊಳಗೆ ಬಿಳಿ ವೈರಿನ ತುದಿ ಹಸಿರು ಪಾಚಿ ಕಟ್ಟಿದ ಹಾಗಿತ್ತು. ಕರೆಂಟಿಗೆ ವಾಪಸ್ ಹೋಗಲು ದಾರಿ ಇಲ್ಲ, ಟೇಲ್ ಬಲ್ಬಿನ ಮೂಲಕ ಕಳ್ಳದಾರಿ ಹಿಡಿದಿದೆ. ಮರಳು ಕಾಗದದಲ್ಲಿ ಉಜ್ಜಿ ಹೊಸ ತುದಿ ಹಾಕಿದೆ. ದೆವ್ವ ಬಿಟ್ಟಿತು.

ಅಡಾಪ್ಟರ್ ಜಗಳದಲ್ಲಿ ಇಬ್ಬರನ್ನೂ ಅರ್ಧ ಅರ್ಧ ಕೇಳಿದೆ. ಟ್ರೇಲರಿಗೆ ಯುರೋಪಿನ ಏಳು ಪಿನ್ ಪ್ಲಗ್ಗನ್ನೇ ಮತ್ತೆ ಹಾಕಿದೆ. ಅದನ್ನು ಸಿಕ್ಕಿಸುವ ಸಾಕೆಟ್ಟನ್ನೂ ನಾಲ್ಕರಿಂದ ಐದು ಮಾಡುವ ಕನ್ವರ್ಟರನ್ನೂ ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರಿಸಿ, ಆ ಡಬ್ಬಿಯನ್ನು ಟ್ರೇಲರಿನ ಮೂತಿಗೇ ಬಿಗಿದಿದ್ದೇನೆ. ಹೊರಗೆ ನೇತಾಡುವುದು ನಾಲ್ಕು ವೈರಿನ ಚಪ್ಪಟೆ ಪ್ಲಗ್ ಮಾತ್ರ. ಕಳೆಯಲಾರದು, ಆದರೆ ಬಿಚ್ಚಬಹುದು. ಕಾರಿನ ಕಂದು ವೈರನ್ನು ಒಳಗೆ ಟ್ರೇಲರಿನ ಕಂದಿಗೂ ಕಪ್ಪಿಗೂ ಎರಡಕ್ಕೂ ಸೇರಿಸಿದೆ, ಈಗ ಎರಡೂ ಟೇಲ್ ಲೈಟ್ ಒಟ್ಟಿಗೆ ಬರುತ್ತವೆ. ನೀಲಿ ಪಿನ್ ಖಾಲಿ. ಡಬ್ಬಿಯ ಮುಚ್ಚಳದ ಒಳಗೆ ಯಾವ ಬಣ್ಣ ಎಲ್ಲಿಗೆ ಎಂದು ಕನ್ನಡದಲ್ಲಿ ಬರೆದು ಅಂಟಿಸಿದ್ದೇನೆ. ಪಾಲುದಾರರು ಗೊಣಗಿದರು, ಅವರಿಗೆ ಇಂಗ್ಲಿಷಿನಲ್ಲೂ ಒಂದು ಬರೆದುಕೊಟ್ಟೆ.

ಪರೀಕ್ಷೆ ತಾನಾಗಿಯೇ ಬಂತು. ಹೋದ ಶನಿವಾರ ಪಾಲುದಾರರು ದಕ್ಷಿಣಕ್ಕೆ ಹೋಗಿ, ಗಾಳಿ ಸತ್ತು, ಲೀ ವೈನಿಂಗ್ ವಿಮಾನ ನಿಲ್ದಾಣದಲ್ಲಿ ಇಳಿದರು. ನಾನು ಅವರ ಪಿಕಪ್ಪಿಗೇ ಟ್ರೇಲರ್ ಕಟ್ಟಿಕೊಂಡು 395ನೇ ಹೆದ್ದಾರಿಯಲ್ಲಿ ಹೋದೆ. ಬರುವಾಗ ಕಾನ್ವೇ ಸಮಿಟ್ ಏರು ಹತ್ತುವ ಹೊತ್ತಿಗೆ ಕತ್ತಲಾಗಿತ್ತು. ಹಿಂದೆ ಬರುತ್ತಿದ್ದ ಕ್ಲಬ್ಬಿನ ಹುಡುಗ ಫೋನಿನಲ್ಲಿ "ಬ್ರೇಕ್ ಕೆಂಪು, ಇಂಡಿಕೇಟರ್ ಕಿತ್ತಳೆ, ಎರಡೂ ಟೇಲ್ ಇವೆ" ಎಂದು ಹೇಳುತ್ತಾ ಬಂದ. ಹಜಾರ್ಡ್ ಹಾಕಿದಾಗ ಮಾಮ ಹೇಳಿದ ಹಾಗೇ ಕೆಂಪು ಮಿನುಗಿತು.

ಒಂದೇ ಉಳಿದದ್ದು. ಟ್ರೇಲರ್ ಕಟ್ಟಲು ಕಾರಿನ ಹಿಂದೆ ಇರುವ 2 ಇಂಚು ಗುಂಡಿನ (ಬಾಲ್) ಮೇಲೆ, ಅದನ್ನು ಕಚ್ಚಿ ಹಿಡಿಯುವ ಟ್ರೇಲರಿನ ಕಪ್ಲರ್ ಬಲು ಬಿಗಿ. ಸುತ್ತಿಗೆಯಿಂದ ತಟ್ಟಿ ಕೂರಿಸಬೇಕಾಯಿತು. ಗ್ರೀಸ್ ಹಾಕಿದರೆ ಸರಿಹೋಗುತ್ತದಾ?

ನೆಕ್ಕರ್ ದಂಡೆ:

ಸುತ್ತಿಗೆಯಾ! ಅಕ್ಕ, ದೀಪದ ಬಗ್ಗೆ ಇಷ್ಟು ನಾಜೂಕು ಮಾಡಿ ಇಲ್ಲಿ ಸುತ್ತಿಗೆ ಹಿಡಿದಿರಾ? ನಿಮ್ಮ ಕಪ್ಲರ್ 50 ಮಿ.ಮೀ. ಬಾಲಿಗೆ ಮಾಡಿದ್ದು. 2 ಇಂಚು ಅಂದರೆ 50.8. ಎಂಟು ಹತ್ತಾಂಶ ಏನು ಮಹಾ ಅನ್ನಿಸಬಹುದು, ಆದರೆ ಒಳಗಿನ ನಾಲಿಗೆ ಪೂರ್ತಿ ಕೆಳಗೆ ಹೋಗಿ ಕಚ್ಚುವುದಿಲ್ಲ. ಮುಚ್ಚಿದ ಹಾಗೆ ಕಾಣುತ್ತದೆ, ಮುಚ್ಚಿರುವುದಿಲ್ಲ. ಗ್ರೀಸಿನಿಂದ ಉಪಯೋಗವಿಲ್ಲ. ಹಿಡಿಯ ಹತ್ತಿರ ಹಸಿರು ಗುರುತು ಇದ್ದರೆ, ಅದು ಕಾಣುವವರೆಗೆ ಗಾಡಿ ಅಲ್ಲಾಡಿಸಬೇಡಿ.

ಮಿಶಿಗನ್ ಮಾಮ:

ಇಲ್ಲೂ 50 ಮಿ.ಮೀ. ಬಾಲ್ ಸಿಗುತ್ತದೆ, ಆನ್‌ಲೈನಿನಲ್ಲಿ ಹುಡುಕಿ. ತೂಕ ಎಷ್ಟು ತಾಳುತ್ತದೆ ಎಂದು ಬಾಲಿನ ಮೇಲೇ ಕೊರೆದಿರುತ್ತಾರೆ. ಸೇಫ್ಟಿ ಚೈನ್ ಹಾಕಿದ್ದೀರಾ? ಯುರೋಪಿನಿಂದ ಬರುವುದಕ್ಕೆ, ಟ್ರೇಲರ್ ಕಳಚಿಕೊಂಡರೆ ಬ್ರೇಕ್ ಎಳೆಯುವ ತೆಳು ಕೇಬಲ್ ಮಾತ್ರ ಇರುತ್ತದೆ. ಇಲ್ಲಿನ ಪೊಲೀಸರು ನೋಡುವುದು ಚೈನನ್ನು.

ಬೆಟ್ಟಗಾಳಿ:

ಚೈನ್ ಹಾಕಿದ್ದೇನೆ ಮಾಮ, ಕೇಬಲ್ಲನ್ನೂ ತೆಗೆದಿಲ್ಲ. ಬಾಲ್ ಈಗ ತಾನೇ ಆರ್ಡರ್ ಮಾಡಿದೆ, ಎರಡು. ಒಂದು ನನ್ನ ಕಾರಿಗೆ, ಒಂದು ಪಿಕಪ್ಪಿಗೆ. ಎರಡಕ್ಕೂ ಹಳದಿ ಬಣ್ಣ ಬಳಿಯುತ್ತೇನೆ, ಇಲ್ಲದಿದ್ದರೆ ಪಾಲುದಾರರು ತಮ್ಮ ದೋಣಿ ಟ್ರೇಲರನ್ನು ಅದಕ್ಕೇ ಸಿಕ್ಕಿಸಿ ಬಿಡುತ್ತಾರೆ. ದೊಡ್ಡ ಕಪ್ಲರಿನಲ್ಲಿ ಚಿಕ್ಕ ಬಾಲ್, ಅದು ಇನ್ನೂ ಅಪಾಯ ಅಲ್ವಾ?

ನೆಕ್ಕರ್ ದಂಡೆ:

ಹೌದು, ಅದು ಇನ್ನೂ ಅಪಾಯ. ಬಣ್ಣ ಇವತ್ತೇ ತನ್ನಿ.